ಕರೆಗೆ ಓಗೊಡುವುದು



ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ತಲೆಯ ಮೇಲೆ ಪಾಳೆಯಗಾರರ ಕಾಲದ ಕೋಟೆಯನ್ನು ಹೊತ್ತ ಬೆಟ್ಟ. ಅದರ ತಪ್ಪಲಲ್ಲಿ ಊರು. ಸುತ್ತ ರಾಗಿ, ಕಡಲೆಕಾಯಿಯ ಹೊಲಗಳು, ಹುಣಸೆ ಮರಗಳು. ಆ ಊರಿನಲ್ಲಿ ನಾನು ಕೆಲವು ವರ್ಷ ಮೇಷ್ಟ್ರಾಗಿದ್ದೆ. ಸಂಜೆಯಾದರೆ ಅಲ್ಲೊಂದು ಸದ್ದು ಕೇಳಿಬರುತ್ತಿತ್ತು. ಮನೆಯ ಮುಂದೆ ನಿಂತ ತಾಯಿಯೊಬ್ಬಳು ಬೆಟ್ಟದ ಕಡೆಗೆ ಮುಖ ಮಾಡಿ ಮಗನ ಹೆಸರು ಹಿಡಿದು ಕೂಗುತ್ತಿದ್ದಳು. ಬಂಡೆಗಳ ನಡುವೆ ಮೇಕೆಗಳ ಜೊತೆ ಇದ್ದ ಹುಡುಗ ಮೇಲಿನಿಂದ "ಓ..." ಎನ್ನುತ್ತಿದ್ದ. ಅಷ್ಟಾದರೆ ಸಾಕು, ತಾಯಿ ಒಳಗೆ ಹೋಗಿ ಒಲೆಯ ಮುಂದೆ ಕೂರುತ್ತಿದ್ದಳು. ಓ ಎಂದವನು ಬಂದೇ ಬರುತ್ತಾನೆ ಎಂಬುದು ಅವಳ ನಂಬಿಕೆ. ಆದರೆ ಕೆಲವು ದಿನ ಓ ಎಂದ ಹುಡುಗ ಬರುತ್ತಿರಲಿಲ್ಲ. ಕತ್ತಲಾಗುತ್ತಿತ್ತು. ಆಗ ಎರಡನೆಯ ಸಲ ಕೂಗುವ ತಾಯಿಯ ದನಿ ಮೊದಲಿನಂತಿರುತ್ತಿರಲಿಲ್ಲ.

ನಮ್ಮ ಕನ್ನಡದಲ್ಲಿ 'ಓಗೊಡು' ಎಂಬ ಒಳ್ಳೆಯ ಮಾತಿದೆ. ಓ ಎಂದು ಉತ್ತರ ಕೊಡುವುದೇ ಓಗೊಡುವುದು. ಆದರೆ ಬಾಯಿಂದ ಓ ಎಂದರೆ ಅರ್ಧ ಕೆಲಸವಾಯಿತು. ಕಾಲು ಎದ್ದು ಹೊರಟಾಗ ಮಾತ್ರ ಅದು ಪೂರ್ತಿಯಾಗುತ್ತದೆ. ಕ್ರೈಸ್ತರು 'ದೇವರ ಕರೆ' ಎನ್ನುತ್ತಾರೆ. ಆ ಕರೆಗೆ 'ವಿಧೇಯರಾಗಬೇಕು' ಎನ್ನುತ್ತಾರೆ. ದಿನನಿತ್ಯದ ಬದುಕಿನಲ್ಲಿ ಈ ಮಾತಿಗೆ ಏನರ್ಥ ಎಂಬುದನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ನೀವು ಯಾವ ಧರ್ಮದವರಾದರೂ ಈ ಪ್ರಶ್ನೆ ನಿಮ್ಮದೂ ಹೌದು. ನನ್ನ ಬದುಕು ಯಾವುದಕ್ಕಾಗಿ, ಇಂದು ನಾನು ಮಾಡಬೇಕಾದದ್ದೇನು ಎಂದು ಕೇಳಿಕೊಳ್ಳದ ಹದಿಹರೆಯದವರು ಯಾರಿದ್ದಾರೆ?

ದೇವರ ಕರೆ ಎಂದೊಡನೆ ಸಾಮಾನ್ಯವಾಗಿ ಎರಡು ಕಲ್ಪನೆಗಳು ನಮ್ಮ ಮನಸ್ಸಿಗೆ ಬರುತ್ತವೆ. ಅದು ಪಾದ್ರಿಗಳಿಗೆ, ಸನ್ಯಾಸಿನಿಯರಿಗೆ, ದೊಡ್ಡ ಸಂತರಿಗೆ ಮಾತ್ರ ಬರುವಂಥದು ಎಂಬುದು ಒಂದು. ಅದು ಆಕಾಶವಾಣಿಯಂತೆ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ ಎಂಬುದು ಇನ್ನೊಂದು. ಇವೆರಡೂ ಎಷ್ಟು ಸರಿ ಎಂದು ನೋಡಲು ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಬರುವ ಬಾಲಕ ಸಮುವೇಲನ ಕಥೆಯೇ ಸಾಕು.

ಸಮುವೇಲ ದೇವಮಂದಿರದಲ್ಲಿ ಮುದುಕ ಯಾಜಕ ಏಲಿಯ ಕೈಕೆಳಗೆ ಬೆಳೆಯುತ್ತಿದ್ದ ಹುಡುಗ. ಒಂದು ರಾತ್ರಿ ತನ್ನ ಹೆಸರು ಹಿಡಿದು ಯಾರೋ ಕರೆದದ್ದು ಕೇಳಿಸಿತು. ಏಲಿಯೇ ಕರೆದರೆಂದು ಎದ್ದು ಓಡಿದ. "ನಾನು ಕರೆಯಲಿಲ್ಲ, ಹೋಗಿ ಮಲಗು" ಎಂದು ಏಲಿ ಕಳಿಸಿದರು. ಮೂರು ಸಲ ಹೀಗೆಯೇ ಆಯಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಸಮುವೇಲನಿಗೆ ಆ ದನಿ ಯಾರದೆಂದು ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ: ಕಣ್ಣು ಮಂಜಾದ ಮುದುಕರು ರಾತ್ರಿ ಕರೆದರೆ ಏಳಬೇಕು. ನಿದ್ದೆಗಣ್ಣಿನಲ್ಲಿ ಮೂರು ಸಲ ಎದ್ದ ಆ ಅಭ್ಯಾಸವೇ ಅವನನ್ನು ನಾಲ್ಕನೆಯ ಕರೆಗೆ ಸಿದ್ಧಗೊಳಿಸಿತು. ಮನುಷ್ಯರ ಕರೆಗೆ ಏಳದವನು ದೇವರ ಕರೆಗೆ ಏಳುವುದು ಕಷ್ಟ.

ಆ ರಾತ್ರಿ ಅವನು ಕೇಳಿದ್ದು ಬಹಳ ದೊಡ್ಡ ಮಾತು, ಏಲಿಯ ಮನೆತನಕ್ಕೆ ಬರಲಿದ್ದ ಶಿಕ್ಷೆಯ ಮಾತು. ಬೆಳಗಾದ ಮೇಲೆ ಸಮುವೇಲ ಮೊದಲು ಏನು ಮಾಡಿದ ಗೊತ್ತೇ? ಎಂದಿನಂತೆ ಎದ್ದು ದೇವಮಂದಿರದ ಬಾಗಿಲುಗಳನ್ನು ತೆರೆದ. ಪ್ರವಾದಿಯಾಗಲಿದ್ದ ಹುಡುಗ ಬಾಗಿಲು ತೆರೆಯುವ ಕೆಲಸವನ್ನು ಬಿಡಲಿಲ್ಲ. ಆಮೇಲೆ, ಹೇಳಲು ಹೆದರಿಕೆಯಾಗುತ್ತಿದ್ದರೂ, ಕೇಳಿದ ಮಾತನ್ನು ಏಲಿಗೆ ಮುಚ್ಚಿಡದೆ ಹೇಳಿದ.

ಇನ್ನು ನಮ್ಮ ಜಿಲ್ಲೆಗೇ ಬರೋಣ. ತುಮಕೂರಿನ ಪಶ್ಚಿಮಕ್ಕೆ ಗುಬ್ಬಿ ಇದೆ. ಗುಬ್ಬಿ ಎಂದರೆ ವೀರಣ್ಣನವರ ನಾಟಕ ಕಂಪನಿ ನೆನಪಾಗುವುದು ಸಹಜ. ಆ ಕಂಪನಿ ಹುಟ್ಟುವುದಕ್ಕೂ ಬಹಳ ಮೊದಲೇ ಗುಬ್ಬಿ ದೊಡ್ಡ ಸಂತೆಯ ಊರಾಗಿ ಹೆಸರಾಗಿತ್ತು. ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು 1837ರಲ್ಲಿ ಅಲ್ಲಿ ನೆಲೆ ಮಾಡಿದರು. ಅದನ್ನು ಆರಂಭಿಸಿದ ಥಾಮಸ್ ಹಾಡ್ಸನ್ ಮುಂದೆ ಕನ್ನಡ ಕಲಿಯುವವರಿಗಾಗಿ ಇಂಗ್ಲಿಷಿನಲ್ಲಿ ಒಂದು ವ್ಯಾಕರಣವನ್ನು ಬರೆದರು. 1839ರಲ್ಲಿ ಆ ಗುಬ್ಬಿಗೆ ಒಬ್ಬ ತರುಣ ಬಂದರು. ಅವರ ಹೆಸರು ವಿಲಿಯಂ ಆರ್ಥರ್. ಐರ್‌ಲೆಂಡಿನಲ್ಲಿ 1819ರಲ್ಲಿ ಹುಟ್ಟಿದವರು. ಲೆಕ್ಕ ಹಾಕಿ ನೋಡಿ, ವಯಸ್ಸು ಇಪ್ಪತ್ತು! ನಿಮ್ಮಲ್ಲಿ ಪದವಿ ತರಗತಿಯಲ್ಲಿ ಓದುತ್ತಿರುವವರ ವಯಸ್ಸು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೂವತ್ತು ವರ್ಷ ಮೊದಲು ಹಡಗಿನಲ್ಲಿ ಇಲ್ಲಿಗೆ ಬರುವುದೆಂದರೆ ಆಫ್ರಿಕಾ ಖಂಡವನ್ನೇ ಸುತ್ತಿ ತಿಂಗಳುಗಟ್ಟಲೆ ಪಯಣಿಸಬೇಕಾಗಿತ್ತು. ಮನೆಯವರನ್ನು ಮತ್ತೆ ನೋಡುವ ಭರವಸೆ ಇಟ್ಟುಕೊಂಡು ಹೊರಡುವಂಥ ಪ್ರಯಾಣ ಅದಲ್ಲ. ದೇವರು ತನ್ನನ್ನು ಕರೆದಿದ್ದಾನೆ ಎಂಬ ನಂಬಿಕೆಯೊಂದರಿಂದಲೇ ಅವರು ಹೊರಟು ಬಂದರು. ಕನ್ನಡ ಕಲಿತರು. ಸಂತೆಯಲ್ಲಿ, ಹಳ್ಳಿಗಳಲ್ಲಿ ಜನರೊಡನೆ ಮಾತನಾಡತೊಡಗಿದರು.

ಆಮೇಲೆ ಏನಾಯಿತು? ಸುಮಾರು ಎರಡು ವರ್ಷಗಳಲ್ಲಿ ಆರೋಗ್ಯ ಕೆಟ್ಟಿತು, ಕಣ್ಣುಗಳು ಕೈಕೊಟ್ಟವು. 1841ರಲ್ಲಿ ಅವರು ಇಂಗ್ಲೆಂಡಿಗೆ ಹಿಂದಿರುಗಬೇಕಾಯಿತು. ಜೀವನವನ್ನೆಲ್ಲ ಇಲ್ಲಿಯೇ ಕಳೆಯಬೇಕೆಂದು ಬಂದ ಇಪ್ಪತ್ತೆರಡರ ತರುಣ ಭಾಷೆ ಬಾಯಿಗೆ ಹತ್ತುವ ಹೊತ್ತಿಗೆ ಹಡಗು ಹತ್ತಿದರು. ಕರೆದವನೇ ಬಾಗಿಲು ಮುಚ್ಚಿದರೆ ಹೇಗೆ? ಎಸ್ಸೆಸ್ಸೆಲ್ಸಿಯಲ್ಲಿ ಎರಡು ಅಂಕ ಕಡಿಮೆ ಬಂತೆಂದು, ಬೇಕೆಂದ ಕಾಲೇಜಿನಲ್ಲಿ ಸೀಟು ಸಿಗಲಿಲ್ಲವೆಂದು ಬದುಕೇ ಮುಗಿಯಿತು ಎನ್ನುವ ಮಕ್ಕಳನ್ನು ನಾನು ಕಂಡಿದ್ದೇನೆ. ಅವರಿಗೆ ಈ ಆರ್ಥರ್ ಅವರ ಕಥೆಯ ಮುಂದಿನ ಭಾಗವನ್ನು ಹೇಳುವುದುಂಟು.

ಹಿಂದಿರುಗಿದ ಮೇಲೆ ಅವರು ಕೈಕಟ್ಟಿ ಕೂರಲಿಲ್ಲ. ಕನ್ನಡ ನಾಡಿನ ಅನುಭವವನ್ನು ಕುರಿತು 1847ರಲ್ಲಿ 'ಎ ಮಿಷನ್ ಟು ದಿ ಮೈಸೂರ್' ಎಂಬ ಪುಸ್ತಕ ಪ್ರಕಟಿಸಿದರು. ನಮ್ಮ ಜನರ ನಂಬಿಕೆಗಳ ಬಗ್ಗೆ ಇಂದು ಒಪ್ಪಲಾಗದ ಕಟುವಾದ ಮಾತುಗಳು ಅದರಲ್ಲಿವೆ. ಕರೆ ಕೇಳಿದವರು ಹೇಳಿದ್ದೆಲ್ಲವೂ ಸರಿಯೆಂದು ನಾವು ಭಾವಿಸಬೇಕಾಗಿಲ್ಲ. ಆದರೂ ಸುಮಾರು ನೂರ ಎಂಬತ್ತು ವರ್ಷಗಳ ಹಿಂದಿನ ಗುಬ್ಬಿಯನ್ನು ಕಂಡವರೊಬ್ಬರ ಬರಹ ಅದು. ಮುಂದೆ 1851ರಿಂದ 1868ರವರೆಗೆ ಅವರು ತಮ್ಮ ಮಿಷನ್ ಸಂಸ್ಥೆಯ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿದ್ದರು. ಅನಂತರ ಬೆಲ್‌ಫಾಸ್ಟಿನ ಮೆಥಡಿಸ್ಟ್ ಕಾಲೇಜಿನ ಮೊದಲ ಪ್ರಿನ್ಸಿಪಾಲರಾದರು. ಆದರೆ ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು 1852ರಲ್ಲಿ ಅವರು ಬರೆದ ಇನ್ನೊಂದು ಪುಸ್ತಕದ ಬಗ್ಗೆ. ದೇವರ ಕರೆಗಾಗಿ ಏಳು ಸಮುದ್ರ ದಾಟಿ ಬಂದಿದ್ದ ಈ ಮನುಷ್ಯ ಯಾರ ಜೀವನಚರಿತ್ರೆ ಬರೆದರು? ಒಬ್ಬ ಸಂತನದಲ್ಲ, ಒಬ್ಬ ಪಾದ್ರಿಯದೂ ಅಲ್ಲ. ಒಬ್ಬ ದಿನಸಿ ವ್ಯಾಪಾರಿಯದು! ಪುಸ್ತಕದ ಹೆಸರು 'ದಿ ಸಕ್ಸೆಸ್‌ಫುಲ್ ಮರ್ಚೆಂಟ್'. ವ್ಯಾಪಾರಿಯ ಹೆಸರು ಸ್ಯಾಮ್ಯುಯಲ್ ಬಡ್ಜೆಟ್.

ಬಡ್ಜೆಟ್ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬಳಿ, ಕಲ್ಲಿದ್ದಲು ಗಣಿಗಳಿದ್ದ ಕಿಂಗ್ಸ್‌ವುಡ್ ಎಂಬಲ್ಲಿ ಅಣ್ಣನ ಅಂಗಡಿಯಲ್ಲಿ ಕೆಲಸ ಕಲಿತು ದೊಡ್ಡ ವ್ಯಾಪಾರಿಯಾದವರು. ಅವರ ಯೌವನದ ಕಾಲದಲ್ಲಿ ಆ ದೇಶದಲ್ಲಿ ಕಾಳುಮೆಣಸಿನ ಮೇಲೆ ಭಾರಿ ತೆರಿಗೆ ಇತ್ತು. ಆದುದರಿಂದ ಅಂಗಡಿಯವರು ಮೆಣಸಿನ ಪುಡಿಗೆ ಅದೇ ಬಣ್ಣದ ಬೇರೇನೋ ಪುಡಿ ಬೆರೆಸಿ ಮಾರುವುದು ವಾಡಿಕೆಯಾಗಿಬಿಟ್ಟಿತ್ತು. ಆ ಬೆರಕೆ ಪುಡಿಯ ಪೀಪಾಯಿಯ ಮೇಲೆ 'ಪಿ.ಡಿ.' ಎಂದು ಬರೆದಿರುತ್ತಿತ್ತು. ಪೆಪ್ಪರ್ ಡಸ್ಟ್, ಅಂದರೆ ಮೆಣಸಿನ ಧೂಳು. ಎಲ್ಲರೂ ಮಾಡುತ್ತಿದ್ದರು; ಬಡ್ಜೆಟ್ಟರ ಅಂಗಡಿಯಲ್ಲೂ ಇತ್ತು. ಆದರೆ ದಿನ ಕಳೆದಂತೆ ಆ ಎರಡು ಅಕ್ಷರ ಅವರ ಮನಸ್ಸನ್ನು ಚುಚ್ಚತೊಡಗಿದವು. ಪ್ರಾರ್ಥನೆ ಮಾಡುವವನ ಅಂಗಡಿಯಲ್ಲಿ ಈ ಪೀಪಾಯಿ ಏಕೆ? ಕೊನೆಗೆ ಒಂದು ರಾತ್ರಿ ಅವರು ಅದನ್ನು ಹತ್ತಿರದ ಕಲ್ಲುಗಣಿಗೆ ಒಯ್ದು, ಒಡೆದು, ಪುಡಿಯನ್ನೆಲ್ಲ ಮಣ್ಣಿಗೆ ಚೆಲ್ಲಿ ಬಂದರು. ಮರುದಿನ ಬೆಳಿಗ್ಗೆ, ಪೀಪಾಯಿಯ ಹಲಗೆಗಳು ವ್ಯರ್ಥವಾಗಬಾರದೆಂದು ಅವುಗಳನ್ನು ಮಾತ್ರ ತರಿಸಿಕೊಂಡರಂತೆ. ವ್ಯಾಪಾರಿಯೇ ಸರಿ!

ಮಿತ್ರರೇ, ಈ ಪ್ರಸಂಗವನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಯೋಚನೆಯೂ ಬಂತು. ಬಡ್ಜೆಟ್ಟರಿಗೆ ಯಾವ ದೇವದೂತನೂ ಕಾಣಿಸಿಕೊಳ್ಳಲಿಲ್ಲ. ಅವರಿಗೆ ಬಂದ ಕರೆ ಎರಡು ಅಕ್ಷರಗಳಷ್ಟು ಸಣ್ಣದು. ಅಂಗಡಿ ಬಿಟ್ಟು ಕಾಡಿಗೆ ಹೋಗು ಎಂದು ಆ ಕರೆ ಹೇಳಲಿಲ್ಲ. ಅಂಗಡಿಯಲ್ಲಿಯೇ ಇರು, ಆದರೆ ಆ ಪೀಪಾಯಿ ಇರಬಾರದು ಎಂದಿತು. ಮುಂದೆ ಅವರು ತಮ್ಮ ಕೆಲಸಗಾರರು ಸಂಜೆ ಬೇಗ ಮನೆ ಸೇರುವಂತೆ ದುಡಿಮೆಯ ಹೊತ್ತನ್ನೂ ಕಡಿಮೆ ಮಾಡಿದರು. ಅವರು ದೋಷವೇ ಇಲ್ಲದವರೇನಲ್ಲ. ಸರಕು ಕೊಳ್ಳುವಾಗ ಬಹಳ ಬಿಗಿಯಾಗಿ ಚೌಕಾಸಿ ಮಾಡುತ್ತಿದ್ದರು. ಆರ್ಥರ್ ಅದನ್ನೂ ಮುಚ್ಚಿಡದೆ ಬರೆದಿದ್ದಾರೆ. ವಿಧೇಯತೆ ಎಂದರೆ ಒಂದೇ ರಾತ್ರಿಯಲ್ಲಿ ಪರಿಪೂರ್ಣನಾಗುವುದಲ್ಲ. ಇಂದು ಗೊತ್ತಾದದ್ದನ್ನು ಇಂದೇ ಮಾಡುವುದು. ನಾಳೆ ಗೊತ್ತಾಗುವುದನ್ನು ನಾಳೆ ಮಾಡಲು ಸಿದ್ಧನಿರುವುದು.

ಆಹಾರ ಕಲಬೆರಕೆಯನ್ನು ತಡೆಯಲು ನಮ್ಮ ದೇಶದಲ್ಲಿ 1954ರಲ್ಲಿ ಒಂದು ಕಾನೂನು ಬಂತು. ಅದರ ಬದಲಿಗೆ 2006ರಲ್ಲಿ ಆಹಾರ ಸುರಕ್ಷತೆಯ ಕಾನೂನು ಬಂತು. ಕಾನೂನು ಬೇಕು. ಆದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ರಾತ್ರಿ ಹೊತ್ತು ಯಾವ ಇನ್ಸ್‌ಪೆಕ್ಟರೂ ಇರುವುದಿಲ್ಲ. ಅಲ್ಲಿ ಇರುವುದು ಮನುಷ್ಯ ಮತ್ತು ಅವನ ಅಂತಃಸಾಕ್ಷಿ. ಆ ಅಂತಃಸಾಕ್ಷಿಯಲ್ಲಿ ಮಾತನಾಡುವವನು ದೇವರು ಎಂದು ಕ್ರೈಸ್ತರು ನಂಬುತ್ತಾರೆ.

ದಿನದ ಕೆಲಸದಲ್ಲಿಯೇ ಕರೆ ಇದೆ ಎಂಬುದು ಹೊಸ ವಿಚಾರವಲ್ಲ. ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಇದನ್ನು ಒತ್ತಿ ಹೇಳಿದರು. ಮಠದಲ್ಲಿರುವವರಿಗೆ ಮಾತ್ರವಲ್ಲ, ಚಮ್ಮಾರನಿಗೂ ಮನೆಗೆಲಸದವಳಿಗೂ ಮಗುವಿನ ಬಟ್ಟೆ ಒಗೆಯುವ ತಂದೆಗೂ ದೇವರ ಕರೆ ಇದೆ ಎಂದರು. ಜರ್ಮನ್ ಭಾಷೆಯಲ್ಲಿ 'ಬೆರೂಫ್' ಎಂದರೆ ಉದ್ಯೋಗ. ಆ ಪದದೊಳಗೇ 'ಕರೆಯುವುದು' ಎಂಬ ಅರ್ಥವೂ ಅಡಗಿದೆ. ನಮ್ಮ ನಾಡಿನಲ್ಲಂತೂ ಲೂಥರರಿಗಿಂತ ನಾನೂರು ವರ್ಷ ಮೊದಲೇ, ಹನ್ನೆರಡನೆಯ ಶತಮಾನದಲ್ಲಿ, ಶರಣರು ಕಾಯಕವನ್ನು ಪೂಜೆಯಷ್ಟೇ ಎತ್ತರಕ್ಕೆ ಏರಿಸಿದ್ದರು. ಎರಡು ಧರ್ಮಗಳ ದಾರಿ ಬೇರೆ ಬೇರೆ. ಆದರೆ ಇಲ್ಲಿ ಅವು ಹತ್ತಿರ ಹತ್ತಿರ ಬರುತ್ತವೆ.

ಲೂಕನು ಬರೆದ ಸುವಾರ್ತೆಯಲ್ಲಿ ಒಂದು ಪ್ರಸಂಗವಿದೆ. ಸ್ನಾನಿಕನಾದ ಯೋಹಾನನ ಬಳಿಗೆ ಸುಂಕ ವಸೂಲಿ ಮಾಡುವವರು ಬಂದು ನಾವೇನು ಮಾಡಬೇಕು ಎಂದು ಕೇಳಿದರು. ಕೆಲಸ ಬಿಟ್ಟುಬಿಡಿ ಎಂದು ಅವನು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ. ಸಿಪಾಯಿಗಳು ಕೇಳಿದರು. ಯಾರನ್ನೂ ಹೆದರಿಸಿ ಹಣ ಕೀಳಬೇಡಿ, ನಿಮ್ಮ ಸಂಬಳ ಸಾಕೆನ್ನಿ ಎಂದ. ಕಚೇರಿಯ ಮೇಜಿನ ಹಿಂದೆ ಕೂತ ಗುಮಾಸ್ತ, ಬಸ್ಸಿನಲ್ಲಿ ಚಿಲ್ಲರೆ ಹಿಂದಿರುಗಿಸಬೇಕಾದ ಕಂಡಕ್ಟರ್, ಕಡಲೆಕಾಯಿ ತೂಗುವ ಮಂಡಿಯವನು, ಇವರೆಲ್ಲ ಆ ಸಾಲಿನಲ್ಲಿ ನಿಂತು ಕೇಳಿದ್ದರೆ ಅವರಿಗೂ ಇಂಥದೇ ಉತ್ತರ ಸಿಗುತ್ತಿತ್ತು. ವಿದ್ಯಾರ್ಥಿ ಕೇಳಿದ್ದರೆ? ಪಕ್ಕದವನ ರೆಕಾರ್ಡ್ ಪುಸ್ತಕ ನೋಡಿ ಪ್ರಯೋಗದ ಅಂಕಿಗಳನ್ನು ಇಳಿಸಿಕೊಳ್ಳಬೇಡ ಎನ್ನುತ್ತಿದ್ದನೇನೋ.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ಮನಸ್ಸಿಗೆ ತೋಚಿದ್ದೆಲ್ಲ ದೇವರ ಕರೆಯೇ? ಖಂಡಿತ ಅಲ್ಲ. ದೇವರ ಹೆಸರಿನಲ್ಲಿ ಮನುಷ್ಯರು ಮಾಡಿರುವ ಅನ್ಯಾಯಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ. ಆದುದರಿಂದ ಪರೀಕ್ಷಿಸಿ ನೋಡಬೇಕು. ಇನ್ನೊಬ್ಬರಿಗೆ ಕೇಡು ಮಾಡು, ಸುಳ್ಳು ಹೇಳು, ನಿನಗಿಂತ ಕೆಳಗಿನವನನ್ನು ತುಳಿ ಎನ್ನುವ ದನಿ ದೇವರದಾಗಿರಲಾರದು. ಅದು ಎಷ್ಟೇ ಗಂಭೀರವಾಗಿ ಮಾತನಾಡಲಿ. ಇನ್ನು ಒಬ್ಬರೇ ಕೂತು ತೀರ್ಮಾನಿಸುವುದೂ ಅಪಾಯ. ಸಮುವೇಲನಿಗೆ ಆ ದನಿಯ ಗುರುತು ಹೇಳಿಕೊಟ್ಟದ್ದು ಏಲಿ. ತಂದೆ ತಾಯಿ, ಗುರುಗಳು, ನಿಮ್ಮನ್ನು ಬಲ್ಲ ಹಿರಿಯರು ಇವರೊಡನೆ ಮಾತನಾಡಿ. ಹಾಗೆಂದು ಹಿರಿಯರು ಹೇಳಿದ್ದೆಲ್ಲಕ್ಕೂ ತಲೆಯಾಡಿಸುವುದೇ ವಿಧೇಯತೆಯಲ್ಲ. ಏಲಿಗೆ ಅಪ್ರಿಯವಾದ ಸತ್ಯವನ್ನು ಹೇಳಿದ್ದೂ ಅದೇ ಹುಡುಗ.

ಈಗ ನನ್ನದೇ ಒಂದು ವಿಷಯ ಹೇಳಬೇಕು. ಹೇಳದೆ ಮುಗಿಸಿದರೆ ಈ ಭಾಷಣ ಪ್ರಾಮಾಣಿಕವಾಗುವುದಿಲ್ಲ.

ಚನ್ನರಾಯನದುರ್ಗದಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹತ್ತನೆಯ ತರಗತಿ. ಉಳಿದದ್ದರಲ್ಲಿ ಚುರುಕು, ಗಣಿತ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ಅವನ ತಂದೆ ಶಾಲೆಯ ಬಾಗಿಲಿಗೆ ಬಂದು ನಿಂತರು. "ಮೇಷ್ಟ್ರೇ, ಶನಿವಾರ ಮಧ್ಯಾಹ್ನ ಒಂದು ಗಂಟೆ ಇವನ ಜೊತೆ ಕೂತ್ಕೊಂಡ್ರೆ ಪಾಸಾಗ್ತಾನೆ" ಎಂದರು. "ಆಗಲಿ, ಖಂಡಿತ" ಎಂದೆ. ಅದೇ ದಿನಗಳಲ್ಲಿ ತುಮಕೂರಿನ ಕ್ರೈಸ್ತ ಯುವಕರ ಕೂಟಗಳಲ್ಲಿ ಮಾತನಾಡಲು ನನ್ನನ್ನು ಕರೆಯತೊಡಗಿದ್ದರು. ಕೂಟಗಳು ಶನಿವಾರವೇ. ನನ್ನ ವಿಷಯ ಏನೆಂದುಕೊಂಡಿರಿ? 'ದೇವರ ಕರೆ'! ಮೊದಲ ಶನಿವಾರ ಹುಡುಗನಿಗೆ "ಮುಂದಿನ ವಾರ ನೋಡೋಣಪ್ಪಾ" ಎಂದು ಹೇಳಿ ಬಸ್ಸು ಹತ್ತಿದೆ. ಅವನು ಶಾಲೆಯ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದ. ಮುಂದಿನ ವಾರವೂ ಹಾಗೆಯೇ. ಆಮೇಲೆ ಅವನು ಮೆಟ್ಟಿಲ ಬಳಿ ಬರುವುದನ್ನು ಬಿಟ್ಟ. ನಾನೂ ಮರೆತೆ.

ಫಲಿತಾಂಶ ಬಂದಾಗ ಅವನು ಗಣಿತದಲ್ಲಿ ಫೇಲಾಗಿದ್ದ. ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಬೆಂಗಳೂರಿನಲ್ಲಿ ಗ್ಯಾರೇಜೊಂದಕ್ಕೆ ಸೇರಿದನೆಂದು ಕೇಳಿದೆ. ದಾರಿಯಲ್ಲಿ ಸಿಕ್ಕ ಅವನ ತಂದೆಗೆ ಏನು ಹೇಳಬೇಕೆಂದು ತಿಳಿಯದೆ ನಿಂತೆ. ಅವರೇ, "ಹೋಗ್ಲಿ ಬಿಡಿ ಮೇಷ್ಟ್ರೇ, ನಿಮಗೂ ನೂರೆಂಟು ಕೆಲಸ ಇರ್ತಾವೆ" ಎಂದರು. ಅವರು ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಆ ರಾತ್ರಿ ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳಿದ ಒಂದು ಸಾಮ್ಯವನ್ನು ಮತ್ತೆ ಓದಿದೆ. ತಂದೆಯೊಬ್ಬ ಇಬ್ಬರು ಮಕ್ಕಳಿಗೆ ದ್ರಾಕ್ಷಿ ತೋಟಕ್ಕೆ ಹೋಗಿ ಕೆಲಸ ಮಾಡಲು ಹೇಳುತ್ತಾನೆ. ಒಬ್ಬ ಹೋಗುವುದಿಲ್ಲ ಎನ್ನುತ್ತಾನೆ, ಆಮೇಲೆ ಮನಸ್ಸು ಬದಲಾಯಿಸಿ ಹೋಗುತ್ತಾನೆ. ಇನ್ನೊಬ್ಬ ವಿನಯದಿಂದ ಹೋಗುತ್ತೇನೆ ಎನ್ನುತ್ತಾನೆ, ಹೋಗುವುದೇ ಇಲ್ಲ. ತಂದೆಯ ಮಾತು ನಡೆಸಿದವನು ಯಾರು ಎಂಬುದು ಯೇಸು ಕೇಳುವ ಪ್ರಶ್ನೆ. ಎಷ್ಟೋ ಸಲ ಬೋಧಿಸಿದ್ದ ಆ ಸಾಮ್ಯದಲ್ಲಿ ನಾನೇ ಇದ್ದೇನೆಂದು ಅಂದು ಗೊತ್ತಾಯಿತು. ಕರೆಯ ಬಗ್ಗೆ ಮಾತನಾಡಲು ಹೋದವನಿಗೆ ಕರೆ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದದ್ದು ಕಾಣಲಿಲ್ಲ.

ಆದರೆ ಆ ಕಥೆಯಲ್ಲಿ ಭರವಸೆಯೂ ಇದೆ. ಮೊದಲು ಒಲ್ಲೆ ಎಂದವನು ತಡವಾಗಿಯಾದರೂ ಹೋದನಲ್ಲ! ಮುಂದಿನ ವರ್ಷದಿಂದ ನಾನು ಶನಿವಾರದ ಭಾಷಣಗಳನ್ನು ಬಿಟ್ಟೆ. ಅದೇ ಮೆಟ್ಟಿಲ ಮೇಲೆ ಮಧ್ಯಾಹ್ನ ಕೂರತೊಡಗಿದೆ. ಬೇರೆ ಮಕ್ಕಳು ಬಂದರು, ಕೆಲವರು ಪಾಸಾದರು. ಆ ಹುಡುಗನ ವರ್ಷವನ್ನು ಮಾತ್ರ ನಾನು ಹಿಂದಿರುಗಿಸಲಾರೆ. ಅದು ನನ್ನ ಲೆಕ್ಕದಲ್ಲಿ ಹಾಗೆಯೇ ಉಳಿದಿದೆ.

ವಿದ್ಯಾರ್ಥಿ ಮಿತ್ರರೇ, ಮುಂದೆ ನೀವು ಡಾಕ್ಟರಾಗುವಿರೋ, ರೈತರಾಗುವಿರೋ, ಗಡಿ ಕಾಯುವಿರೋ ಈಗಲೇ ಗೊತ್ತಿರಬೇಕಾಗಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಗುಬ್ಬಿಗೆ ಬಂದವರಿಗೂ ಮುಂದಿನ ದಾರಿ ಗೊತ್ತಿರಲಿಲ್ಲ. ಆದರೆ ಇಂದು ಸಂಜೆ ಮಾಡಬೇಕಾದದ್ದು ಏನೆಂದು ಬಹುಮಟ್ಟಿಗೆ ನಮಗೆ ಗೊತ್ತಿರುತ್ತದೆ. ಕಾಯಿಲೆಯ ಅಜ್ಜಿಗೆ ಒಂದು ಲೋಟ ನೀರು, ಗೆಳೆಯನಿಗೆ ಕೊಟ್ಟ ಮಾತು, ತಪ್ಪಾಗಿ ಹೆಚ್ಚು ಬಂದ ಚಿಲ್ಲರೆ, ಮುಂದೂಡುತ್ತ ಬಂದ ಒಂದು ಕ್ಷಮಾಪಣೆ. ಅಲ್ಲಿಂದಲೇ ಆರಂಭಿಸಿ.

ಬೆಟ್ಟದ ಕೆಳಗೆ ನಿಂತು ಕರೆಯುವ ಆ ತಾಯಿಗೆ ಮಗನ ಓ ಎಂಬ ದನಿ ಇಂಪಾಗಿಯೇ ಕೇಳಿಸುತ್ತದೆ. ಆದರೆ ಅವಳು ಕಾಯುವುದು ಆ ದನಿಗಲ್ಲ. ಕಲ್ಲುದಾರಿಯಲ್ಲಿ ಇಳಿದು ಬರುವ ಹೆಜ್ಜೆಯ ಸದ್ದಿಗೆ.